ಭಟ್ಟಿ ಒಪ್ಪಿದ ಕೈ

ನಮ್ಮ ಬೇಕರಿಯಲ್ಲಿ ಭಟ್ಟಿಯ ಮುಂದೆ ನಿಲ್ಲುವವರನ್ನು ಆರಿಸಲು ಒಂದು ಪರೀಕ್ಷೆಯಿತ್ತು. ಮನೆಯ ಮಕ್ಕಳಿಗೆ ಇಪ್ಪತ್ತೈದು ತುಂಬಿದ ಮೇಲೆ, ಬ್ರೆಡ್ಡೆಲ್ಲ ಹೊರಗೆ ಬಂದು ಭಟ್ಟಿಯ ಇಟ್ಟಿಗೆ ಇನ್ನೂ ಕಾದಿರುವಾಗ, ಬರಿಗೈಯನ್ನು ಅದರ ಬಾಯೊಳಗೆ ಮೊಣಕೈವರೆಗೆ ಚಾಚಬೇಕು. ಅಪ್ಪ ಹತ್ತರವರೆಗೆ ಎಣಿಸುತ್ತಿದ್ದರು. ಎಣಿಕೆ ಮುಗಿಯುವ ತನಕ ಕೈ ಒಳಗಿದ್ದರೆ ಭಟ್ಟಿ ಒಪ್ಪಿತು ಎಂದು ಅರ್ಥ. ಅಜ್ಜನನ್ನು ಒಪ್ಪಿತ್ತು, ಅಪ್ಪನನ್ನು ಒಪ್ಪಿತ್ತು. ಅಣ್ಣನಂತೂ ಹತ್ತಾದ ಮೇಲೂ ಕೈ ತೆಗೆಯದೆ, “ಬೇಕಿದ್ರೆ ಇನ್ನೊಂದು ಸಲ ಎಣಿಸಪ್ಪಾ” ಎಂದು ಹಲ್ಲು ಕಿರಿದಿದ್ದ. ನಾನು ನಾಲ್ಕಕ್ಕೇ ಕಿರುಚಿಕೊಂಡು ಕೈ ಎಳೆದುಕೊಂಡೆ. ಅಪ್ಪ ಮುಖ ತಿರುಗಿಸಿ, “ಇವಳು ಮುಂದೆ ಕೂತು ಬನ್ನು ಕಟ್ಟಿಕೊಡ್ಲಿ” ಎಂದರು. ಮೂರು ವರ್ಷದ ನಂತರ ತಮ್ಮನೂ ಗೆದ್ದ. ಅಲ್ಲಿಂದ ಇಪ್ಪತ್ತು ವರ್ಷ ನಾನು ಕಾಗದ ಸುತ್ತಿದೆ, ದಾರ ಕಟ್ಟಿದೆ, ಗಿರಾಕಿಗಳ ಮೇಲೆ ರೇಗಿದೆ. ಒಳಗೆ ಅವರಿಬ್ಬರು ಬಿಸಿ ಟ್ರೇಗಳನ್ನು ಬರಿಗೈಯಲ್ಲಿ ಎಳೆಯುತ್ತ ಹಾಡು ಹೇಳುತ್ತಿದ್ದರು.

ಭಟ್ಟಿ ಒಪ್ಪಿದವರಿಗೆ ಒಂದು ಕಾಟವೂ ಇತ್ತು. ಅವರ ಕಾಲಿಗೆ ಗಾಯವಾದರೆ ಮಾಯುತ್ತಿರಲಿಲ್ಲ. ಅಜ್ಜನ ಮೂರು ಬೆರಳು ಹೋದವು. ಅಪ್ಪನ ಒಂದು ಪಾದವನ್ನೇ ಕತ್ತರಿಸಿದರು, ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಭಟ್ಟಿಯ ಕಾವು ಕಾಲಿಗಿಳಿಯುತ್ತದೆ, ಕಸುಬು ಅಂದಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ ಎಂದು ಮನೆಯವರೆಲ್ಲ ನಂಬಿದ್ದೆವು. ನಾನೂ ನಂಬಿದ್ದೆ. ಸುಳ್ಳೇಕೆ ಹೇಳಲಿ, ಆ ಗಾಯದ ಕಾಲುಗಳನ್ನು ಕಂಡಾಗ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಒಂದು ಮಧ್ಯಾಹ್ನ ತಮ್ಮ ಬೂಟು ಕಳಚಿದಾಗ ಕಾಲುಚೀಲ ಒದ್ದೆಯಾಗಿತ್ತು. ಬೂಟಿನ ಅಟ್ಟೆಯಿಂದ ಒಂದು ಮೊಳೆ ಮೇಲೆದ್ದು ಅವನ ಹಿಮ್ಮಡಿಯೊಳಗೆ ಅರ್ಧ ಬೆರಳಿನಷ್ಟು ಇಳಿದಿತ್ತು. ಬೆಳಗ್ಗೆಯಿಂದ ಅದರ ಮೇಲೇ ನಿಂತು ನಾನೂರು ಬನ್ನು ಬೇಯಿಸಿದ್ದ.

“ನೋವಾಗ್ಲಿಲ್ವೇನೋ ಕತ್ತೆ?”

“ಭಟ್ಟಿಯವರ ಕಾಲು ಅಕ್ಕಾ ಇದು, ಇದಕ್ಕೇನು ನೋವು” ಎಂದ, ಬಹುಮಾನ ಬಂದವನ ಹಾಗೆ.

ನಾನೇ ಬೈದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿ ಗಾಯ ಕಟ್ಟುವವರು ಅವನನ್ನು ಮೇಲಿನ ಮಹಡಿಗೆ ಕಳಿಸಿದರು. ಮೇಲೆ ಇದ್ದದ್ದು ನರಗಳ ಬಗ್ಗೆ ಸಂಶೋಧನೆ ಮಾಡುವ ಒಬ್ಬ ಡಾಕ್ಟರಮ್ಮ. ಕಡ್ಡಿಯಂಥ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ತಮ್ಮನ ಕಣ್ಣಿಗೆ ಬಟ್ಟೆ ಕಟ್ಟಿ ಪಾದದ ಉದ್ದಕ್ಕೂ ಸೂಜಿ ಚುಚ್ಚುತ್ತ ಹೋದರು. ಮೊಣಕಾಲಿನ ಹತ್ತಿರ ಬರುವ ತನಕ ಅವನಿಗೆ ಗೊತ್ತೇ ಆಗಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವರ ಹೆಸರು ಸೂಜಿ ಡಾಕ್ಟರು ಎಂದಾಯಿತು.

ಭಟ್ಟಿಯ ಕಾವಿನ ಮಾತನ್ನು ಕೇಳಿ, ಅದನ್ನು ನೋಡಲೆಂದೇ ಅವರು ಬೇಕರಿಗೆ ಬಂದರು. ಇಟ್ಟಿಗೆ ಮುಟ್ಟಿದರು, ಬೂದಿ ಮೂಸಿದರು, ನೆಲ ಎಷ್ಟು ಕಾಯುತ್ತದೆಂದು ಅಂಗೈ ಊರಿ ನೋಡಿದರು. ಆಮೇಲೆ ನನ್ನನ್ನು ಕೇಳಿದರು, “ಇಲ್ಲಿ ನಿಲ್ಲೋರನ್ನ ಯಾರು ಆರಿಸ್ತಾರೆ?”

ಪರೀಕ್ಷೆಯ ವಿಷಯ ಹೇಳಿದೆ. ಹೇಳುವಾಗ ನನಗೆ ಇನ್ನೂ ನಾಚಿಕೆಯೇ. ಅವರು ಮೈದಾ ಚೀಲದ ಮೇಲೆ ಕುಸಿದು ಕುಳಿತರು. ಕಪ್ಪು ಸೀರೆಯ ಹಿಂಭಾಗವೆಲ್ಲ ಬೆಳ್ಳಗಾದರೂ ಅವರಿಗೆ ಖಬರಿಲ್ಲ.

“ಹಾಗಾದ್ರೆ ಇವರ ಸ್ಪರ್ಶ ತೆಗೆದದ್ದು ಭಟ್ಟಿ ಅಲ್ಲಮ್ಮಾ. ಸ್ಪರ್ಶ ಹೋಗ್ತಿದ್ದವರನ್ನೇ ನೀವು ಹುಡುಕಿ ಹುಡುಕಿ ಭಟ್ಟಿ ಮುಂದೆ ನಿಲ್ಲಿಸಿದೀರಿ. ಮೂರು ತಲೆಮಾರು!”

“ಅಂದ್ರೆ ನನಗೆ?”

“ನಿಮಗೇನೂ ಆಗಿಲ್ಲ. ನಾಲ್ಕಕ್ಕೇ ಕೈ ತೆಗೆದ್ರಿ ನೋಡಿ, ಈ ಮನೇಲಿ ಸರಿ ಇದ್ದ ಕೈ ಅದೊಂದೇ.”

ನನಗೆ ಅಳಬೇಕೋ ಯಾರನ್ನಾದರೂ ಹೊಡೆಯಬೇಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷ ದಾರ ಕಟ್ಟಿದ್ದು ಸರಿಯಿದ್ದ ಕೈಯಲ್ಲಿ! ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡಿ, “ಕೇಳಿಸ್ತಾ?” ಎಂದು ಕೂಗಿದೆ. ಮುಂದೆ ನಿಂತಿದ್ದ ಗಿರಾಕಿ ಬೆಚ್ಚಿ ಎರಡು ಬನ್ನು ಹೆಚ್ಚಿಗೆ ಕೇಳಿದ.

ರಕ್ತ ಪರೀಕ್ಷೆಯಲ್ಲಿ ಅವರು ಹೇಳಿದ್ದೇ ನಿಜವಾಯಿತು. ಅಣ್ಣ, ತಮ್ಮ ಇಬ್ಬರಿಗೂ ತಂದೆಯಿಂದ ಬಂದ ನರದ ಕಾಯಿಲೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಂಗೆಡಿಸಿದ್ದು ಗುಬ್ಬಿಯ ರಕ್ತ ಪರೀಕ್ಷೆ. ಗುಬ್ಬಿ ಅಣ್ಣನ ಒಬ್ಬಳೇ ಮಗಳು, ತಾಯಿ ಹೋದಮೇಲೆ ನನ್ನ ಕೈಯಲ್ಲೇ ಬೆಳೆದವಳು, ಆಗ ಇಪ್ಪತ್ತನಾಲ್ಕು. ಅವಳಿಗೂ ಅದು ಇತ್ತು. ಆದರೆ ಕಾಲು ಕೈ ಎಲ್ಲ ಇನ್ನೂ ಚುರುಕಾಗಿದ್ದವು, ಸೂಜಿ ಹತ್ತಿರ ಬಂದರೇ ಚೀರುತ್ತಿದ್ದಳು.

ಈ ಕಾಯಿಲೆ ಏನೆಂದು ಸೂಜಿ ಡಾಕ್ಟರು ಹಿಟ್ಟು ನಾದುವ ಮೇಜಿನ ಹತ್ತಿರ ನಿಂತು ವಿವರಿಸಿದರು. ಮೈಯೊಳಗೆ ಒಂದು ಕಿಣ್ವವಿದೆಯಂತೆ. ಅದರ ಕೆಲಸ ಸೆರೀನ್ ಎಂಬ ಅಮೈನೋ ಆಮ್ಲವನ್ನು ಎತ್ತಿಕೊಂಡು ನರಕ್ಕೆ ಬೇಕಾದ ಒಂದು ಬಗೆಯ ಕೊಬ್ಬು ತಯಾರಿಸುವುದು. ನಮ್ಮವರ ಮೈಯಲ್ಲಿ ಅದರ ಕೈ ತಪ್ಪುತ್ತದೆ. ಸೆರೀನ್ ಬಿಟ್ಟು ಅಲನೈನ್ ಎಂಬ ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಆಗ ಆಗುವ ಕೊಬ್ಬು ಕೆಟ್ಟದ್ದು. ಅದನ್ನು ಬಳಸಲೂ ಆಗದು, ಹೊರಗೆ ಹಾಕುವುದೂ ಕಷ್ಟ. ಅದು ಕೂಡಿಕೊಂಡು ನರಗಳನ್ನು ಸಾಯಿಸುತ್ತದೆ, ಉದ್ದದ ನರ ಮೊದಲು. ಅದಕ್ಕೇ ಪಾದದಿಂದ ಶುರು.

“ಸಕ್ಕರೆ ಡಬ್ಬಿ ಅಂತ ಉಪ್ಪಿನ ಡಬ್ಬಿಗೆ ಕೈ ಹಾಕೋ ಹಾಗೆ” ಎಂದೆ.

“ಸರಿಯಾಗಿ ಹೇಳಿದ್ರಿ.”

“ಅಂಥವನನ್ನ ಕೆಲಸದಿಂದ ತೆಗೆದುಹಾಕಿ ಡಾಕ್ಟ್ರೇ” ಎಂದ ಅಣ್ಣ.

“ಹುಟ್ಟುವಾಗಲೇ ಜೊತೆಗೆ ಬಂದವನು, ತೆಗೆಯೋಕಾಗಲ್ಲ. ಆದ್ರೆ ಮೇಜಿನ ತುಂಬಾ ಸಕ್ಕರೆ ಡಬ್ಬಿಗಳನ್ನೇ ಇಟ್ಟುಬಿಟ್ರೆ? ಎಲ್ಲಿ ಕೈ ಹಾಕಿದ್ರೂ ಸಕ್ಕರೆನೇ ಸಿಗುತ್ತೆ. ಹಾಗೆ ಮೈಗೆ ಸೆರೀನ್ ಜಾಸ್ತಿ ಕೊಟ್ಟು ನೋಡೋದೇ ನಮ್ಮ ಪ್ರಯೋಗ.”

“ಆ ಸೆರೀನ್ ಬ್ರೆಡ್ಡಲ್ಲಿಲ್ವಾ?” ಎಂದು ಗುಬ್ಬಿ ಕೇಳಿದಳು.

“ಇದೆ. ದಿನಕ್ಕೆ ಆರು ಕೆಜಿ ಬ್ರೆಡ್ ತಿಂತೀರಾ? ಅದರ ಜೊತೆ ಅಲನೈನೂ ಒಳಗೆ ಹೋಗುತ್ತೆ.”

“ಅಪ್ಪ ಆರು ಕೆಜಿ ತಿಂತಾನೆ, ಅದಕ್ಕೇನು” ಎಂದಳು ಗುಬ್ಬಿ. ಅಣ್ಣ ಹಿಟ್ಟಿನ ಉಂಡೆ ಎಸೆದ.

ಪ್ರಯೋಗಕ್ಕೆ ಸಿಕ್ಕಿದ್ದವರು ಒಟ್ಟು ಹತ್ತೊಂಬತ್ತು ಜನ. ಇಂಥ ಕಾಯಿಲೆಯವರು ಅಷ್ಟು ಕಡಿಮೆ. ಅರ್ಧ ಜನರಿಗೆ ಒಂದು ವರ್ಷ ಸೆರೀನ್ ಪುಡಿ, ಉಳಿದವರಿಗೆ ಅದರಂತೆಯೇ ಕಾಣುವ, ಔಷಧಿಯಿಲ್ಲದ ಹುಸಿ ಪುಡಿ. ಯಾರಿಗೆ ಯಾವುದು ಎಂಬ ಪಟ್ಟಿ ಬೇರೆ ಕಚೇರಿಯಲ್ಲಿ ಬೀಗ ಹಾಕಿಟ್ಟಿರುತ್ತದೆ, ಸೂಜಿ ಡಾಕ್ಟರಿಗೂ ಗೊತ್ತಿಲ್ಲ. ವರ್ಷ ಕಳೆದ ಮೇಲೆ ಎಲ್ಲರಿಗೂ ಸೆರೀನ್. ಅದು ಕೆಲಸ ಮಾಡುತ್ತದೆಂದು ಸಾಬೀತಾದರೆ ಮಾತ್ರ, ಗುಬ್ಬಿಯಂತೆ ಕಾಯಿಲೆ ಇದ್ದೂ ಇನ್ನೂ ನರ ಕೆಡದವರಿಗೆ ಮೊದಲೇ ಕೊಡುವ ಎರಡನೆಯ ಪ್ರಯೋಗ. ಅಲ್ಲಿಯ ತನಕ ಅವಳಿಗೆ ಏನೂ ಇಲ್ಲ. ಅಣ್ಣ ತಮ್ಮ ಇಬ್ಬರೂ ಕಾಗದ ಓದಿಸಿಕೊಂಡು ಸಹಿ ಹಾಕಿದರು.

ಇಬ್ಬರನ್ನೂ ಭಟ್ಟಿಯಿಂದ ದೂರವಿಡಬೇಕು ಎಂದೂ ಹೇಳಿದರು. ಹಾಗಾಗಿ ನಾನು ಒಳಗೆ ಹೋದೆ, ಅವರು ಹೊರಗೆ ಬಂದರು. ನಾನು ದಪ್ಪ ಕೈಗವಸು ತೊಟ್ಟು, ಭಟ್ಟಿಯ ಗೋಡೆಗೆ ಒಂದು ಉಷ್ಣಮಾಪಕ ಸಿಕ್ಕಿಸಿಕೊಂಡು ಬೇಯಿಸತೊಡಗಿದೆ. ಮೊದಲ ವಾರ ಅರ್ಧಕ್ಕರ್ಧ ಸೀದುಹೋಯಿತು. “ಕೈ ಹಾಕಿ ನೋಡೇ, ಆ ಗಾಜಿನ ಕಡ್ಡಿಗೇನು ಗೊತ್ತು?” ಎಂದು ಅಣ್ಣ ಹೊರಗಿನಿಂದ ಕೂಗುತ್ತಿದ್ದ. “ನೀನು ಕೈ ಹಾಕಿ ನೋಡಿ ನೋಡಿಯೇ ಈ ಗತಿ ಬಂದಿರೋದು, ಸುಮ್ನೆ ಬನ್ನು ಕಟ್ಟು” ಎಂದು ನಾನು ಒಳಗಿನಿಂದ.

ಪುಡಿಯ ಪೊಟ್ಟಣಗಳು ಎರಡು ಪೆಟ್ಟಿಗೆಗಳಲ್ಲಿ ಬಂದವು. ಒಂದರ ಮೇಲೆ ಅಣ್ಣನ ಸಂಖ್ಯೆ, ಇನ್ನೊಂದರ ಮೇಲೆ ತಮ್ಮನದು. ದಿನಕ್ಕೆ ಮೂರು ಸಲ ಹಣ್ಣಿನ ರಸದಲ್ಲಿ ಕಲಸಿ ಕೊಡುವ ಕೆಲಸ ನನ್ನದು. ಮೊದಲ ದಿನವೇ ಅಣ್ಣನ ಪೊಟ್ಟಣ ಒಡೆದು, ಅಭ್ಯಾಸಬಲದಿಂದ ಚಿಟಿಕೆಯಷ್ಟು ಬೆರಳುಗಳ ನಡುವೆ ಉಜ್ಜಿದೆ. ಸಣ್ಣ ಹರಳು, ಸರಸರ ಅನ್ನುತ್ತಿತ್ತು. ನಾಲಿಗೆಗೆ ಇಟ್ಟರೆ ತೆಳ್ಳಗೆ ಸಿಹಿ, ತಕ್ಷಣ ಕರಗಿಹೋಯಿತು. ತಮ್ಮನದನ್ನು ಒಡೆದು ಉಜ್ಜಿದೆ. ಬೆರಳಿನ ಗೆರೆಗಳಲ್ಲಿ ಕೂತುಕೊಂಡಿತು, ಒತ್ತಿದರೆ ಕಿರ್ರೆಂದಿತು. ಇದು ಕಾರ್ನ್‌ಫ್ಲೋರ್. ಮೇಲೆ ಯಾವುದೋ ಸಿಹಿ ಸವರಿದ್ದಾರೆ. ಕಣ್ಣು ಮುಚ್ಚಿಕೊಂಡು ನೂರು ಹಿಟ್ಟು ಗುರುತಿಸುವವಳಿಗೆ ಇದನ್ನು ತಂದು ಕೊಟ್ಟಿದ್ದಾರಲ್ಲ!

ಒಬ್ಬ ಔಷಧಿ ಕುಡಿಯುತ್ತಾನೆ, ಒಬ್ಬ ಹಿಟ್ಟು ಕುಡಿಯುತ್ತಾನೆ, ಒಂದೇ ಮನೆಯಲ್ಲಿ, ಒಂದೇ ತಾಯಿಯ ಮಕ್ಕಳು. ಬೇಕರಿಯಲ್ಲಿ ಒಂದು ಚೀಲ ಒಳ್ಳೆ ಮೈದಾ, ಒಂದು ಚೀಲ ಸುಮಾರು ಮೈದಾ ಬಂದರೆ ನಾವು ಬೇರೆಬೇರೆ ಬೇಯಿಸುವುದಿಲ್ಲ. ಎರಡನ್ನೂ ದೊಡ್ಡ ತೊಟ್ಟಿಗೆ ಸುರಿದು ಬೆರೆಸಿಬಿಡುತ್ತೇವೆ, ಯಾರ ಪಾಲಿಗೂ ಬರೀ ಕೆಟ್ಟ ಬ್ರೆಡ್ ಬರಬಾರದೆಂದು. ಅಪ್ಪ ಕಲಿಸಿದ್ದು. ಕೈ ತಾನಾಗಿಯೇ ಅದನ್ನು ಮಾಡಿತು. ಎರಡು ಪೆಟ್ಟಿಗೆಯನ್ನೂ ಒಂದು ಡಬ್ಬಿಗೆ ಸುರಿದು, ಜರಡಿಯಾಡಿಸಿ, ಅಳತೆ ಮಾಡಿ ಇಬ್ಬರಿಗೂ ಕೊಟ್ಟೆ. ತಿಂಗಳಿಗೊಮ್ಮೆ ಹೊಸ ಪೆಟ್ಟಿಗೆ ಬಂದಾಗಲೂ ಹಾಗೆಯೇ. ಯಾರಿಗೂ ಹೇಳಲಿಲ್ಲ. ನ್ಯಾಯ ಮಾಡುತ್ತಿದ್ದೇನೆಂಬ ನೆಮ್ಮದಿಯಿಂದ ಗೊರಕೆ ಹೊಡೆದು ಮಲಗಿದೆ.

ಐದು ತಿಂಗಳಾದ ಮೇಲೆ ಸೂಜಿ ಡಾಕ್ಟರು ಓಡೋಡಿ ಬಂದರು. ಕಣ್ಣು ಹೊಳೆಯುತ್ತಿತ್ತು.

“ಒಂದು ವಿಚಿತ್ರ ಆಗಿದೆ. ಪಟ್ಟಿ ಇಟ್ಕೊಂಡಿರೋ ಕಚೇರಿಯಿಂದ ಕೇಳಿದಾರೆ. ರಕ್ತದಲ್ಲಿ ಸೆರೀನ್ ಒಂದೋ ಏರಬೇಕು, ಇಲ್ಲ ಇದ್ದಷ್ಟೇ ಇರಬೇಕು. ನಿಮ್ಮನೆ ಇಬ್ಬರದ್ದೂ ನಡುಮಧ್ಯ ನಿಂತಿದೆ. ಪ್ರತಿ ತಿಂಗಳೂ! ಇಬ್ಬರದ್ದೂ ಒಂದೇ! ಇಂಥದ್ದನ್ನ ಎಲ್ಲೂ ನೋಡಿಲ್ಲ.”

ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ತಮ್ಮನಿಗೆ ಮತ್ತೆ ಬರೀ ಹಿಟ್ಟೇ ಗತಿ.

ಅವರು ಕಾರಣ ಹುಡುಕಲು ಕುಳಿತರು. ಎರಡು ವಾರ ನಮ್ಮ ಮನೆಯಲ್ಲೇ ಠಿಕಾಣಿ. ಅಣ್ಣ ತಮ್ಮ ಏನು ತಿನ್ನುತ್ತಾರೆ, ಎಷ್ಟು ನಿದ್ದೆ, ಹೊಟ್ಟೆ ಹೇಗೆ ಹೋಗುತ್ತದೆ, ಎಲ್ಲ ಬರೆದುಕೊಂಡರು. ನಲ್ಲಿಯ ನೀರನ್ನು ಸೀಸೆಗೆ ತುಂಬಿಸಿಕೊಂಡರು. ಹುದುಗು ಹಿಟ್ಟಿನ ಪಾತ್ರೆಯೊಳಗೆ ತಲೆ ಹಾಕಿ, “ಇದರಲ್ಲಿರೋ ಜೀವಿಗಳು ಸೆರೀನನ್ನ ತಿಂತಿರಬಹುದಾ?” ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಬೂದಿಯನ್ನೂ ಬಿಡಲಿಲ್ಲ. ಆ ಹೆಂಗಸಿನ ಉತ್ಸಾಹ ನೋಡಿದಷ್ಟೂ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮಧ್ಯೆ ಸಿಟ್ಟೂ ಬರುತ್ತಿತ್ತು. ಇಷ್ಟು ಓದಿದವಳಿಗೆ ನನ್ನ ಜರಡಿ ಕಾಣುವುದಿಲ್ಲವೇ? ಮೊಳೆಗೆ ನೇತುಹಾಕಿದ್ದೆ, ಅವರ ತಲೆಗೆ ಎರಡು ಸಲ ಬಡಿದಿತ್ತು.

ಕೊನೆಗೆ ಗುಬ್ಬಿಯ ಸರದಿ ಬಂತು. ಸಂಸಾರದ ರಕ್ತದಲ್ಲೇ ಏನಾದರೂ ಇರಬಹುದೆಂದು ಅವಳ ತೋಳಿಗೆ ಪಟ್ಟಿ ಬಿಗಿದು, ಎಂಟು ಸಣ್ಣ ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಅವಳು ಮುಖ ಆ ಕಡೆ ತಿರುಗಿಸಿ ನನ್ನ ಸೆರಗು ಹಿಡಿದುಕೊಂಡಿದ್ದಳು.

“ಕಾರಣ ಸಿಗದಿದ್ರೆ ಏನಾಗುತ್ತೆ?” ಎಂದು ಅವಳೇ ಕೇಳಿದಳು.

“ನಿಮ್ಮಪ್ಪ ಚಿಕ್ಕಪ್ಪ ಇಬ್ಬರನ್ನೂ ಲೆಕ್ಕದಿಂದ ಬಿಡಬೇಕಾಗುತ್ತೆ. ಉಳಿಯೋದು ಹದಿನೇಳು ಜನ. ಅಷ್ಟು ಕಮ್ಮಿ ಜನರಿಂದ ಏನೂ ಸಾಬೀತಾಗಲ್ಲ.”

“ಆಗ ನನ್ನದು?”

ಡಾಕ್ಟರು ಕನ್ನಡಕ ಒರೆಸಿಕೊಂಡರು. “ನಿಮ್ಮ ಪ್ರಯೋಗ ಶುರುವಾಗಲ್ಲ. ಅದಕ್ಕೇ ಹುಡುಕ್ತಾ ಇದೀನಿ.”

ಸೂಜಿ ಅವಳ ತೋಳಿನ ಹತ್ತಿರ ಬಂತು.

“ತೆಗೀರಿ ಆ ಸೂಜಿ!” ಎಂದು ಅರಚಿದೆ. “ಹುಡುಗಿ ರಕ್ತ ಯಾಕೆ ಹೀರ್ತೀರಾ? ನೀರಲ್ಲೂ ಇಲ್ಲ, ಬೂದಿಯಲ್ಲೂ ಇಲ್ಲ. ಬೆರೆಸಿದ್ದು ನಾನು! ಎರಡು ಪೆಟ್ಟಿಗೇನೂ ಒಂದೇ ಡಬ್ಬಿಗೆ ಸುರಿದು ಇಬ್ಬರಿಗೂ ಸಮ ಹಂಚಿದೀನಿ. ಅಗೋ ಜರಡಿ!”

ಡಾಕ್ಟರು ಬೈಯುತ್ತಾರೆಂದು ನಾನು ಸೊಂಟಕ್ಕೆ ಕೈಕೊಟ್ಟು ನಿಂತಿದ್ದೆ, ಬೈದರೆ ತಿರುಗಿ ಬೈಯಲು. ಅವರು ಬೈಯಲಿಲ್ಲ. ಸಿಡಿದೆದ್ದವನು ತಮ್ಮ.

“ನಿನ್ನನ್ನ ಯಾರು ಕೇಳಿದ್ದು ಅಕ್ಕಾ?”

“ನಿನಗೆ ಹಿಟ್ಟು ಕೊಟ್ಟಿದ್ರೋ! ಬರೀ ಹಿಟ್ಟು! ನೋಡ್ಕೊಂಡು ಸುಮ್ನಿರ್ಬೇಕಿತ್ತಾ?”

“ಹೌದು, ಸುಮ್ನಿರ್ಬೇಕಿತ್ತು. ಹಿಟ್ಟೂ ಬರಬಹುದು ಅಂತ ಕಾಗದದಲ್ಲೇ ಬರೆದಿತ್ತು. ಗೊತ್ತಿದ್ದೇ ಸಹಿ ಹಾಕಿದ್ದು ನಾನು. ಗುಬ್ಬಿಗೋಸ್ಕರ ಹಾಕಿದ್ದು. ಜೀವಮಾನವೆಲ್ಲ ಹಿಟ್ಟು ತಿಂದವನಿಗೆ ಇನ್ನೊಂದು ವರ್ಷ ಹಿಟ್ಟು ಕುಡಿಯೋದು ದೊಡ್ಡ ಮಾತಾ?”

ಮೊಳೆಯಿಂದ ಜರಡಿ ಇಳಿಸಿ ಅವನ ಮುಂದಿಟ್ಟೆ. ಅಣ್ಣ ಮೂಲೆಯಿಂದ, “ನನ್ನ ಔಷಧೀಲಿ ಅರ್ಧ ಹೊಡೆದ್ಯಲ್ಲೇ ಮಹಾತಾಯಿ” ಎಂದ. ನಗಿಸಲು ಹೇಳಿದ್ದು, ಯಾರೂ ನಗಲಿಲ್ಲ.

ಡಾಕ್ಟರು ಗುಬ್ಬಿಯ ತೋಳಿನ ಪಟ್ಟಿ ಬಿಚ್ಚಿ ನನ್ನ ಎದುರು ಬಂದು ನಿಂತರು. “ಒಂದು ಮಾತು ಹೇಳಿ. ಒಂದು ಹಿಟ್ಟು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಮುಟ್ಟಿದ್ರೆ ಗೊತ್ತಾಗಲ್ವಾ?”

“ನನಗೆ ಗೊತ್ತಾಗಿಲ್ಲ. ಅದನ್ನ ಮಾಡಿದವರಿಗೂ ಗೊತ್ತಾಗಿಲ್ಲ. ತೋರಿಸಿ.”

ತೋರಿಸಿದೆ. ಎರಡು ಹೊಸ ಪೊಟ್ಟಣ ಒಡೆದು, ಅವರ ಬೆರಳು ಹಿಡಿದು ಉಜ್ಜಿಸಿದೆ. ಒಂದು ಸರಸರ, ಒಂದು ಕಿರ್ರ್. ಅವರು ಮತ್ತೆ ಮತ್ತೆ ಉಜ್ಜಿದರು. ಆಮೇಲೆ ಬಾಗಿಲ ಹತ್ತಿರ ಹೋಗಿ ಯಾರಿಗೋ ಫೋನು ಮಾಡಿ, ನಮ್ಮ ಮನೆಯಲ್ಲಿ ನಾನೂ ಬಳಸದಂಥ ಮಾತುಗಳಲ್ಲಿ ಕೂಗಾಡಿದರು. ಆ ದಿನವೇ ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು.

ಪ್ರಯೋಗ ನಿಂತಿತು. ನನ್ನಂತೆ ಉಳಿದ ಮನೆಗಳಲ್ಲೂ ಯಾರಾದರೂ ಕಂಡುಹಿಡಿದಿದ್ದರೆ ಎಲ್ಲವೂ ದಂಡವೇ. ಹೊಸ ಹುಸಿ ಪುಡಿ ಮಾಡಬೇಕಾಯಿತು. ಪೆಟ್ಟಿಗೆಯೂ ಹೊಸದು, ಯಾರಿಗೆ ಯಾವುದು ಎಂಬ ಪಟ್ಟಿಯೂ ಹೊಸದು. ಅದಕ್ಕೆ ಮುಂಚೆ ಸೂಜಿ ಡಾಕ್ಟರು ವಾರಕ್ಕೊಮ್ಮೆ ಎರಡೂ ಬಗೆಯ ಪುಡಿಯನ್ನು ಹನ್ನೆರಡು ಬಟ್ಟಲುಗಳಲ್ಲಿ ತಂದು ನಮ್ಮ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು. ನಾನು ಉಜ್ಜಿ, ಮೂಸಿ, ನೆಕ್ಕಿ ಬೇರ್ಪಡಿಸಬೇಕು. ಮೊದಲ ವಾರ ಹನ್ನೆರಡನ್ನೂ ಸರಿ ಹೇಳಿದೆ. ಎರಡನೆಯ ವಾರವೂ ಹನ್ನೆರಡು. ಪುಡಿ ಮಾಡುವವರು ನನ್ನ ಹೆಸರು ಕೇಳಿದರೆ ತಲೆ ಚಚ್ಚಿಕೊಳ್ಳುತ್ತಿದ್ದರಂತೆ. ಐದನೆಯ ವಾರ ಒಂಬತ್ತು. ಏಳನೆಯ ವಾರ ಎಷ್ಟು ಉಜ್ಜಿದರೂ ಎಲ್ಲವೂ ಸರಸರ, ಎಲ್ಲವೂ ಸಿಹಿ. ಹನ್ನೆರಡರಲ್ಲಿ ಆರು ತಪ್ಪಿದೆ.

“ಸೋತ್ರಿ! ಸೋತ್ರಿ!” ಎಂದು ಡಾಕ್ಟರು ಚಪ್ಪಾಳೆ ತಟ್ಟಿದರು. ಅವರು ನನ್ನನ್ನು ತಬ್ಬಿಕೊಂಡರೆ ನಾನು ಅವರ ಬೆನ್ನಿಗೆ ಹಿಟ್ಟಿನ ಕೈ ಒತ್ತಿದೆ. ಒಳಗೊಳಗೇ ದಿಗಿಲು. ಇನ್ನು ಮೇಲೆ ನನಗೂ ಗೊತ್ತಾಗುವುದಿಲ್ಲ.

ಹೊಸದಾಗಿ ವರ್ಷ ಶುರುವಾಯಿತು. ಅಣ್ಣನ ಪೆಟ್ಟಿಗೆ ಕಿಟಕಿಯ ಪಕ್ಕದ ಕಪಾಟಿನಲ್ಲಿ, ತಮ್ಮನದು ಬಾಗಿಲ ಪಕ್ಕದ್ದರಲ್ಲಿ. ಜರಡಿಯನ್ನು ಗುಬ್ಬಿ ಬಚ್ಚಿಟ್ಟಳು, ಬೇಕಾದಾಗ ಅವಳನ್ನೇ ಕೇಳಬೇಕಿತ್ತು. ಏಳನೆಯ ತಿಂಗಳಲ್ಲಿ ಅಣ್ಣನ ಹೆಬ್ಬೆರಳಿನಲ್ಲಿ ಹುಣ್ಣಾಯಿತು. ಅಪ್ಪನಿಗೂ ಅಲ್ಲೇ ಶುರುವಾಗಿದ್ದು. ಅವತ್ತು ಎರಡೂ ಕೈಯಲ್ಲಿ ಎರಡು ಪೊಟ್ಟಣ ಹಿಡಿದು, ಮೇಜಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ರಸದ ಲೋಟಗಳು ಎದುರಿಗಿದ್ದವು. ಒಂದರಿಂದ ಇನ್ನೊಂದಕ್ಕೆ ಚೂರು ಸುರಿದರೆ ಯಾರು ನೋಡುತ್ತಾರೆ? ಆಗ ತಮ್ಮ ಹೊರಗೆ ಯಾರಿಗೋ ಬನ್ನು ಕಟ್ಟಿ, ದಾರ ಗಂಟು ಹಾಕಲು ಬಾರದೆ ಒದ್ದಾಡುವುದು ಕೇಳಿಸಿತು. ಅವನ ಬೆರಳಿಗೆ ದಾರ ಸಿಗುತ್ತಿರಲಿಲ್ಲ. ಕಣ್ಣಿನಿಂದ ನೋಡಿಕೊಂಡೇ ಗಂಟು ಹಾಕಬೇಕು. ಹೊರಗೆ ಹೋಗಿ ಗಂಟು ಹಾಕಿಕೊಟ್ಟು ಬಂದೆ. ಲೋಟಗಳನ್ನು ಅವರವರದ್ದು ಅವರವರಿಗೇ ಕೊಟ್ಟೆ. ಅಣ್ಣನ ಕಾಲಿಗೆ ದಿನಾ ಎರಡು ಸಲ ಮದ್ದು ಹಚ್ಚಿ ಕಟ್ಟಿದೆ. ಬೆರಳು ಉಳಿಯಿತು. ಉಗುರು ಹೋಯಿತು.

ಪಟ್ಟಿ ತೆರೆದ ದಿನ ಸೂಜಿ ಡಾಕ್ಟರು ಬಂದಾಗ ನಾನು ಭಟ್ಟಿಗೆ ಟ್ರೇ ತಳ್ಳುತ್ತಿದ್ದೆ. ಅಲ್ಲೇ ನಿಂತು ಕೇಳಿದೆ. ಈ ಸಲ ಹಿಟ್ಟು ಬಿದ್ದಿದ್ದು ಅಣ್ಣನಿಗೆ. ಸೆರೀನ್ ಕುಡಿದವರ ರಕ್ತದಲ್ಲಿ ಆ ಕೆಟ್ಟ ಕೊಬ್ಬು ಇಳಿದಿತ್ತು, ತಮ್ಮನದೂ ಇಳಿದಿತ್ತು. ಅವರ ನರಗಳು ವರ್ಷದಲ್ಲಿ ಹೆಚ್ಚು ಕೆಟ್ಟಿರಲಿಲ್ಲ. ಹಿಟ್ಟು ಕುಡಿದವರದು ಇನ್ನಷ್ಟು ಕೆಟ್ಟಿತ್ತು.

“ಹೋಗಿದ್ದು ವಾಪಸ್ ಬರುತ್ತಾ?” ಎಂದ ತಮ್ಮ.

“ಇಲ್ಲ. ಆ ಆಸೆ ಇಟ್ಕೋಬೇಡಿ. ಹೋಗೋದು ನಿಧಾನ ಆಗುತ್ತೆ, ಅಷ್ಟು ಹೇಳಬಲ್ಲೆ. ಎಷ್ಟು ವರ್ಷದ ತನಕ, ಗೊತ್ತಿಲ್ಲ.”

“ಮತ್ತೆ ನಾನು?” ಎಂದಳು ಗುಬ್ಬಿ.

“ಮುಂದಿನ ತಿಂಗಳು ಶುರು. ಈ ಸಲ ಯಾರಿಗೂ ಹಿಟ್ಟಿಲ್ಲ. ನಿಮ್ಮಂಥವರಿಗೆ ಮೊದಲೇ ಕೊಟ್ರೆ ಏನಾಗುತ್ತೆ ಅಂತ ಈವರೆಗೆ ನಮಗೆ ಗೊತ್ತಿಲ್ಲ. ಗೊತ್ತಾಗೋಕೆ ಹತ್ತು ವರ್ಷ ಬೇಕು.”

“ಹತ್ತು ವರ್ಷ ಈ ಹೆಂಗಸು ನಮ್ಮ ಬನ್ನು ತಿನ್ನುತ್ತೆ” ಎಂದು ಅಣ್ಣ ಗೊಣಗಿದ. ಡಾಕ್ಟರಿಗೆ ಕೇಳಿಸಿತು, ಇನ್ನೊಂದು ಬನ್ನು ಎತ್ತಿಕೊಂಡರು.

ಈಗ ಗುಬ್ಬಿಗೆ ಇಪ್ಪತ್ತೊಂಬತ್ತು. ದಿನಕ್ಕೆ ಮೂರು ಲೋಟ ಕುಡಿಯುತ್ತಾಳೆ. ಭಟ್ಟಿಯ ಪರೀಕ್ಷೆಯನ್ನು ಅವಳಿಗೆ ಯಾರೂ ಮಾಡಲಿಲ್ಲ. ಮಾಡಲು ಬಂದಿದ್ದರೆ ಕೈ ಮುರಿಯುತ್ತಿದ್ದೆ. ಆದರೆ ಮೊನ್ನೆ ಮಾತಿನ ಗುಂಗಿನಲ್ಲಿ ಕೈಗವಸು ಮರೆತು, ಆಗಷ್ಟೇ ಹೊರಬಂದ ಟ್ರೇಯ ಅಂಚು ಹಿಡಿದುಬಿಟ್ಟಳು. “ಅಯ್ಯಮ್ಮಾ!” ಎಂದು ಅವಳು ಚೀರಿದ್ದಕ್ಕೆ ಎದುರಿನ ಅಂಗಡಿಯವನೂ ಬಾಗಿಲಿಗೆ ಬಂದ. ಟ್ರೇ ಬಿತ್ತು. ಐವತ್ತು ಬನ್ನು ನೆಲದ ಮೇಲೆ ಉರುಳಿದವು.

“ಏನದು?” ಅಣ್ಣ ಹೊರಗಿನಿಂದ ಕೂಗಿದ.

“ನಿನ್ನ ಮಗಳು ಕೈ ಸುಟ್ಕೊಂಡ್ಳು.”

“ಮುಟ್ಟಿದ ತಕ್ಷಣ ಕಿರುಚಿದ್ಳಾ, ಸ್ವಲ್ಪ ಹೊತ್ತು ಬಿಟ್ಟು ಕಿರುಚಿದ್ಳಾ?”

“ತಕ್ಷಣ.”

ಹೊರಗೆ ಅಣ್ಣ ಗಿರಾಕಿಗೆ, “ಇವತ್ತು ದುಡ್ಡು ಬೇಡ, ತಗೊಂಡ್ಹೋಗಿ” ಎನ್ನುವುದು ಕೇಳಿಸಿತು. ನಾನು ಗುಬ್ಬಿಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಕಣ್ಣೆಲ್ಲಿಟ್ಟಿದ್ದೆ, ಐವತ್ತು ಬನ್ನು ಮಣ್ಣುಪಾಲಾಯಿತಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಅಳುತ್ತಲೇ, “ಉರೀತಿದೆ ಅತ್ತೆ, ನೀರು ಜೋರಾಗಿ ಬಿಡಿ” ಎಂದಳು. ಜೋರಾಗಿ ಬಿಟ್ಟೆ.